ಕುರಿಗಳು ಹತ್ತುವ ಮೊದಲೇ ನಾವು ಹತ್ತಿದೆವು

ಸಂಪಾದಕರಿಗೆ,

ಮಾನ್ಯರೆ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬೇಸಿಗೆ ರಜೆಗೆ ಹಿಮಾಲಯದ ಸರೋವರಗಳಿಗೆ ಹೋಗಿ ಬರುವ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಮನಾಲಿ ಬಳಿಯ ಭೃಗು ಸರೋವರಕ್ಕೆ ಒಂದು ರಾತ್ರಿ, ಎರಡು ಹಗಲು ಸಾಕು, ಮೊದಲ ಸಲ ಚಾರಣ ಮಾಡುವವರಿಗೂ ಮಕ್ಕಳಿಗೂ ಹೊಂದುತ್ತದೆ, ಮೇ ತಿಂಗಳಲ್ಲಿ ಹೊರಡಿ ಎಂದು ಅದರಲ್ಲಿದೆ. ಜೊತೆಗಿರುವ ಚಿತ್ರದಲ್ಲಿ ಹಸಿರು ಹುಲ್ಲಿನ ನಡುವೆ ನೀಲಿ ನೀರು. ಆ ನೀರು ಮೇ ತಿಂಗಳಿನದಲ್ಲ. ನಾನು 2023ರ ಮೇ ತಿಂಗಳಲ್ಲಿ, ನೀವು ಬರೆದಿರುವ ಅದೇ ಒಂದು ರಾತ್ರಿಯ ಲೆಕ್ಕದಲ್ಲಿ ಅಲ್ಲಿಗೆ ಹೊರಟವಳು. ತಂಗಿಯ ಮಗನನ್ನು ಜೀವಂತವಾಗಿ ಕೆಳಗೆ ಕರೆತಂದದ್ದೇ ಆ ಪ್ರವಾಸದಿಂದ ನನಗೆ ದಕ್ಕಿದ್ದು. ಈ ವಾರ ರಜೆ ಶುರುವಾಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಪುರವಣಿಯ ಹಾಳೆಯನ್ನು ಕತ್ತರಿಸಿ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಪತ್ರ ಉದ್ದವಾದರೂ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಚಿಕ್ಕಮಗಳೂರಿನವಳು. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ವಿಜ್ಞಾನ ಕಲಿಸಿ 2024ರಲ್ಲಿ ನಿವೃತ್ತಳಾದೆ. ಬೆಟ್ಟ ಹತ್ತುವುದು ನನಗೆ ಹೊಸದಲ್ಲ. ದೀಪಾವಳಿಗೆ ದೇವೀರಮ್ಮನ ಬೆಟ್ಟವನ್ನು ಎಷ್ಟು ವರ್ಷ ಹತ್ತಿದ್ದೇನೆಂದು ಲೆಕ್ಕವಿಟ್ಟಿಲ್ಲ. ಮಕ್ಕಳನ್ನು ಮುಳ್ಳಯ್ಯನಗಿರಿಗೆ, ಕೆಮ್ಮಣ್ಣುಗುಂಡಿಗೆ ಕರೆದುಕೊಂಡು ಹೋಗಿದ್ದೇನೆ. ನಮ್ಮಂಥವರು ಮೋಸಹೋಗುವುದು ಇಲ್ಲಿಯೇ. ಮುಳ್ಳಯ್ಯನಗಿರಿ ಇಡೀ ಕರ್ನಾಟಕದಲ್ಲಿ ಅತಿ ಎತ್ತರದ ಶಿಖರ, 1,930 ಮೀಟರ್. ಮನಾಲಿಯ ಪೇಟೆಬೀದಿ ಅದಕ್ಕಿಂತ ನೂರು ಮೀಟರಿಗೂ ಹೆಚ್ಚು ಮೇಲಿದೆ. ಕನ್ನಡನಾಡಿನ ನೆತ್ತಿಯ ಮೇಲೆ ನಿಂತವನು ಕೂಡ ಮನಾಲಿಯಲ್ಲಿ ತರಕಾರಿ ಮಾರುವವನಿಗಿಂತ ಕೆಳಗಿರುತ್ತಾನೆ. ಭೃಗು ಸರೋವರ ಇರುವುದು ಸುಮಾರು 4,235 ಮೀಟರ್ ಎತ್ತರದಲ್ಲಿ. ನಮ್ಮ ಬೆಟ್ಟಗಳಲ್ಲಿ ಕಾಲು ಪಳಗುತ್ತದೆ, ಉಸಿರು ಪಳಗುತ್ತದೆ. ಆದರೆ ತೆಳುಗಾಳಿಗೆ ರಕ್ತ ಪಳಗುವುದಿಲ್ಲ. ಅದು ಪಳಗಬೇಕಾದರೆ ಮೂರು ಸಾವಿರ ಮೀಟರ್ ಆಸುಪಾಸಿನಲ್ಲಿ ದಿನಗಟ್ಟಲೆ ಮಲಗಿ ಏಳಬೇಕು.

ನಾವು ಆರು ಜನ ಹೋಗಿದ್ದೆವು. ನಾನು, ತಂಗಿಯ ಮಗ, ಅವನ ಸ್ನೇಹಿತ, ನಮ್ಮ ಶಾಲೆಯ ಇಬ್ಬರು ಶಿಕ್ಷಕಿಯರು, ಅವರಲ್ಲಿ ಒಬ್ಬರ ಪತಿ. ಶಾಲೆಯವರಾದ ನಮಗೆ ಮೇ ಕೊನೆಯೊಳಗೆ ಊರು ಸೇರಲೇಬೇಕಿತ್ತು. ಕಡೂರಿನಿಂದ ಬೆಂಗಳೂರು, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ದೆಹಲಿಯಿಂದ ಮತ್ತೆ ರಾತ್ರಿ ಬಸ್. ಹೋಗಿ ಬರುವ ದಾರಿಗೇ ಅಷ್ಟೊಂದು ದಿನ ಕಳೆದ ಮೇಲೆ ಬೆಟ್ಟಕ್ಕೆ ಉಳಿಯುವುದು ಎಷ್ಟು? ಚಾರಣ ಏರ್ಪಡಿಸುವ ಸಂಸ್ಥೆಯವರು ನಮ್ಮ ಈ ಇಕ್ಕಟ್ಟನ್ನು ಚೆನ್ನಾಗಿ ಬಲ್ಲರು. ಬೇರೆಯವರು ನಾಲ್ಕು ದಿನದಲ್ಲಿ ಮಾಡಿಸುವುದನ್ನು ನಾವು ಎರಡೇ ದಿನದಲ್ಲಿ ಮಾಡಿಸುತ್ತೇವೆ ಎಂದು ಒಪ್ಪಿಸಿದರು. ಆಗ ಅದು ನನಗೆ ಅನುಕೂಲವಾಗಿ ಕಂಡಿತು.

ಈಗ ಲೆಕ್ಕ ಹಾಕಿ ನೋಡಿ. ದೆಹಲಿಯ ಎತ್ತರ ಇನ್ನೂರು ಮೀಟರ್ ಚಿಲ್ಲರೆ. ಸೋಮವಾರ ಸಂಜೆ ಅಲ್ಲಿ ಬಸ್ ಹತ್ತಿದೆವು. ಮಂಗಳವಾರ ಬೆಳಿಗ್ಗೆ ಮನಾಲಿಯಲ್ಲಿ ಇಳಿದೆವು. ಬುಧವಾರ ಬೆಳಿಗ್ಗೆ ರೋಹ್ತಾಂಗ್ ರಸ್ತೆಯಲ್ಲಿ ಗುಲಾಬಾವರೆಗೆ ಜೀಪು, ಅಲ್ಲಿಂದ ನಡಿಗೆ. ಬುಧವಾರ ಸಂಜೆ ನಾಲ್ಕಕ್ಕೆ ರೋಲಾ ಖೋಲಿಯಲ್ಲಿ ಡೇರೆ, ಸುಮಾರು 3,800 ಮೀಟರ್. ನಲವತ್ತೆಂಟು ಗಂಟೆಯೊಳಗೆ ಮೂರೂವರೆ ಸಾವಿರ ಮೀಟರ್ ಮೇಲೇರಿ ಅಲ್ಲಿಯೇ ಮಲಗಿದೆವು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು ಎಂಬುದು ಪರ್ವತ ವೈದ್ಯಶಾಸ್ತ್ರದ ಸಾಮಾನ್ಯ ನಿಯಮ. ಹಗಲು ಎಷ್ಟು ಎತ್ತರಕ್ಕೆ ಹೋಗಿ ಬಂದೆವು ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದೆವು ಎಂಬುದು ಮುಖ್ಯ. ನಿಮ್ಮ ಲೇಖನದಲ್ಲಿ ದಾರಿಯ ಕಿಲೋಮೀಟರ್ ಇದೆ, ಖರ್ಚಿನ ಅಂದಾಜಿದೆ, ಎಲ್ಲಿ ಯಾವ ತಿಂಡಿ ಸಿಗುತ್ತದೆ ಎಂದಿದೆ. ಮಲಗುವ ಜಾಗದ ಎತ್ತರ ಒಂದು ಕಡೆಯೂ ಇಲ್ಲ.

ದಾರಿಯ ಚೆಲುವನ್ನು ನಾನು ಮರೆಮಾಚುವುದಿಲ್ಲ. ಮೊದಲು ಕಾಡು, ಆಮೇಲೆ ಭೂರ್ಜ ಮರಗಳು. ತಾಳೆಗರಿಯ ಹಾಗೆ ಭೂರ್ಜಪತ್ರದ ಮೇಲೂ ಬರೆಯುತ್ತಿದ್ದರು ಎಂದು ಪಾಠದಲ್ಲಿ ಹೇಳುತ್ತ ಬಂದಿದ್ದವಳು ಆ ತೊಗಟೆ ಹಾಳೆಹಾಳೆಯಾಗಿ ಸುಲಿದು ಗಾಳಿಗೆ ಅಲುಗುವುದನ್ನು ಅಂದು ಮೊದಲ ಸಲ ಕಂಡೆ. ಮರಗಳ ಸಾಲು ಮುಗಿದೊಡನೆ ಇಳಿಜಾರಿನ ಹುಲ್ಲುಗಾವಲು. ಅಲ್ಲಿನವರು ಅದನ್ನು ಥಾಚ್ ಎನ್ನುತ್ತಾರೆ. ಹಿಮ ಆಗಷ್ಟೇ ಕರಗಿದ ಕಡೆ ನೆಲ ಕಂದು, ಒಂದು ವಾರ ಮೊದಲೇ ಕರಗಿದ ಕಡೆ ಎಳೆಹಸಿರು, ಕರಗುತ್ತಿರುವ ಅಂಚಿನಲ್ಲಿ ಬೆರಳುದ್ದದ ನೇರಳೆ ಹೂವುಗಳು. ಎದುರಿಗೆ ಹನುಮಾನ್ ಟಿಬ್ಬಾ ಶಿಖರ. ಇಷ್ಟನ್ನು ನೋಡಲು ಯಾರಾದರೂ ಹೋಗಲೇಬೇಕು. ಹೋಗಬೇಡಿ ಎಂದು ಹೇಳುವ ಪತ್ರ ಇದಲ್ಲ.

ಆ ಹುಲ್ಲುಗಾವಲಿನಲ್ಲಿ ಗದ್ದಿ ಕುರಿಗಾಹಿಗಳ ಮಂದೆಯೊಂದು ಬೀಡುಬಿಟ್ಟಿತ್ತು. ಇಬ್ಬರು ಹಿರಿಯರು, ಒಬ್ಬ ಹುಡುಗ, ಎರಡು ನಾಯಿ, ಇನ್ನೂರಕ್ಕೂ ಹೆಚ್ಚು ಕುರಿ, ಆಡು. ಹಿರಿಯರ ಮೈಮೇಲೆ ದಪ್ಪ ಉಣ್ಣೆಯ ಅಂಗಿ, ಸೊಂಟಕ್ಕೆ ಸುತ್ತುಸುತ್ತಾಗಿ ಉಣ್ಣೆಯ ಹಗ್ಗ. ನಮ್ಮ ಕಡೆ ಕಂಬಳಿ ಹೊದ್ದು ಮಂದೆ ಕಾಯುವ ಕುರುಬರನ್ನು ಕಂಡು ಬೆಳೆದವಳಿಗೆ ನಿಂತು ಮಾತಾಡಿಸದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಗೈಡ್ ಹುಡುಗನ ಮೂಲಕ ಕೇಳಿದೆ, ಮೇಲಕ್ಕೆ ಯಾವಾಗ ಹೋಗುತ್ತೀರಿ ಎಂದು. ಹಿರಿಯರು ಮೇಲಿನ ಇಳಿಜಾರನ್ನು ಒಮ್ಮೆ ನೋಡಿ, ಇನ್ನೂ ಇಪ್ಪತ್ತು ದಿನ ಆಗಬಹುದು, ಮೇಲೆ ಹುಲ್ಲು ಎದ್ದಿಲ್ಲ, ಈ ಸಲ ಹಿಮ ಹಿಂದೆ ಸರಿಯುವುದು ತಡವಾಗಿದೆ ಎಂದರು. ಆ ವರ್ಷ ಉತ್ತರದಲ್ಲಿ ಮೇ ತಿಂಗಳಿಡೀ ಮಳೆ, ಚಳಿ. ಆ ಕಣಿವೆಗಳಲ್ಲೇ ತಲೆಮಾರುಗಳಿಂದ ಬದುಕುತ್ತಿರುವವರು ಕೆಳಗೆ ಕಾಯುತ್ತಿದ್ದರು. ದೆಹಲಿಯ ಬಸ್ ಇಳಿದು ಒಂದೇ ದಿನವಾಗಿದ್ದ ನಾವು ಅವರಿಗೆ ನಮಸ್ಕಾರ ಹೇಳಿ ಮೇಲಕ್ಕೆ ನಡೆದೆವು. ಗೈಡ್ ಹುಡುಗ ತುಸು ದೂರ ಹೋದ ಮೇಲೆ, “ಕುರಿಗಳು ಇನ್ನೂ ಹತ್ತಿಲ್ಲ ಮೇಡಂ” ಎಂದಷ್ಟೇ ಅಂದ. ಅವನು ಹೇಳಬಹುದಾದಷ್ಟನ್ನು ಹೇಳಿದ್ದ. ಕೇಳಿಸಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಹಿಮ ಮೆತ್ತಗಾಯಿತು. ಮುಂಜಾನೆ ಕಲ್ಲಿನಂತಿರುವ ಹಿಮ ಬಿಸಿಲೇರಿದಂತೆ ನೆನೆದ ಅವಲಕ್ಕಿಯ ಹಾಗಾಗುತ್ತದೆ. ಹೆಜ್ಜೆಗೊಮ್ಮೆ ಮೊಣಕಾಲುದ್ದ ಹೂತು, ಕಾಲು ಕಿತ್ತು ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಎದೆ ಬಡಿದುಕೊಳ್ಳುತ್ತಿತ್ತು. ಒಂದು ಕಡೆ ತೊರೆಯ ಮೇಲೆ ಹಿಮ ಸೇತುವೆಯಂತೆ ನಿಂತಿತ್ತು. ಮೇಲೆ ನೋಡಿದರೆ ಗಟ್ಟಿ ನೆಲ. ಕಿವಿಗೊಟ್ಟರೆ ಅಡಿಯಲ್ಲಿ ನೀರು ಹರಿಯುವ ಸದ್ದು. ಗೈಡ್ ಕೋಲಿನಿಂದ ಚುಚ್ಚಿ ನೋಡಿ ನಮ್ಮನ್ನು ಇನ್ನೂ ಮೇಲಕ್ಕೆ ಸುತ್ತುಹಾಕಿಸಿ ದಾಟಿಸಿದ. ನಮ್ಮ ಹಳ್ಳಗಳು ಮಳೆ ಬಂದರೆ ಏರುತ್ತವೆ, ನಿಂತರೆ ಇಳಿಯುತ್ತವೆ. ಅಲ್ಲಿ ಬಿಸಿಲೇ ಮಳೆ. ಬೆಳಿಗ್ಗೆ ಪಾದ ತೋಯುವಷ್ಟು ಹರಿಯುವ ತೊರೆ ಹಿಮ ಕರಗುತ್ತ ಬಂದಂತೆ ಸಂಜೆಗೆ ಮೊಣಕಾಲು ಮುಟ್ಟುತ್ತದೆ. ಆಕಾಶ ತಿಳಿಯಾಗಿದ್ದಷ್ಟೂ ನೀರು ಹೆಚ್ಚು. ಇದು ತಿಳಿಯದ ನಮ್ಮ ಕಡೆಯ ಮಕ್ಕಳು ಬೆಳಿಗ್ಗೆ ದಾಟಿದ ತೊರೆಯನ್ನು ಸಂಜೆಯೂ ಹಾಗೆಯೇ ದಾಟಬಹುದೆಂದು ನಂಬುತ್ತಾರೆ.

ಸಂಜೆ ಐದಕ್ಕೆ ಆಲಿಕಲ್ಲು ಸುರಿಯಿತು. ಡೇರೆಯ ಮೇಲೆ ಅರ್ಧ ಗಂಟೆ ಬಡಿದು ನಿಂತಿತು. ಅಡುಗೆಯವನು ಕುಕ್ಕರಿನಲ್ಲಿ ಬೇಳೆ, ಅಕ್ಕಿ ಇಟ್ಟಿದ್ದ. ಆ ಎತ್ತರದಲ್ಲಿ ನೀರು ಎಂಬತ್ತೇಳು ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ. ಒತ್ತಡ ಕಡಿಮೆಯಾದರೆ ಕುದಿಬಿಂದು ಇಳಿಯುತ್ತದೆ ಎಂದು ಪ್ರತಿವರ್ಷ ಒಂಬತ್ತನೇ ತರಗತಿಗೆ ಹೇಳುತ್ತಿದ್ದೆ. ಅದೇ ಒತ್ತಡ ನನ್ನ ಪಕ್ಕದಲ್ಲಿ ಕುಳಿತ ಹುಡುಗನ ಉಸಿರಿಗೂ ಕಡಿಮೆಯಾಗಿದೆ, ಸಮುದ್ರಮಟ್ಟದ ಮೂರನೇ ಎರಡು ಪಾಲು ಕೂಡ ಇಲ್ಲ ಎಂಬುದನ್ನು ಆ ಕುಕ್ಕರಿನ ಮುಂದೆ ಕುಳಿತಾಗ ನಿಜವಾಗಿ ಅರ್ಥಮಾಡಿಕೊಂಡೆ.

ತಂಗಿಯ ಮಗನಿಗೆ ಆಗ ಇಪ್ಪತ್ತಾರು. ದಿನವೂ ವ್ಯಾಯಾಮ ಮಾಡುವವನು, ಇಪ್ಪತ್ತೊಂದು ಕಿಲೋಮೀಟರ್ ಓಟ ಓಡಿದವನು. ದಾರಿಯುದ್ದಕ್ಕೂ ಎಲ್ಲರಿಗಿಂತ ಮುಂದೆ ನಡೆದಿದ್ದ, ನನ್ನ ಬೆನ್ನುಚೀಲವನ್ನೂ ಸ್ವಲ್ಪ ದೂರ ಹೊತ್ತಿದ್ದ. ಊರಿನಲ್ಲಿ ವೈದ್ಯರು ನಮ್ಮಿಬ್ಬರಿಗೂ ಎತ್ತರಕ್ಕೆ ಮೈ ಹೊಂದಿಕೊಳ್ಳಲು ನೆರವಾಗುವ ಅಸೆಟಜೋಲಮೈಡ್ ಮಾತ್ರೆ ಬರೆದುಕೊಟ್ಟಿದ್ದರು. ನಾನು ನುಂಗಿದೆ. ಅವನು ತನಗೆ ಬೇಡವೆಂದು ಚೀಲದಲ್ಲೇ ಇಟ್ಟುಕೊಂಡಿದ್ದ. ಗಟ್ಟಿಮುಟ್ಟಾದ ಮೈ ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಬಲವಿದ್ದವರು ಬೇಗ ಬೇಗ ಹತ್ತುವುದರಿಂದ ಎಷ್ಟೋ ಸಲ ಅವರೇ ಮೊದಲು ಮಲಗುತ್ತಾರೆ. ಏಳು ಗಂಟೆಗೆ ತಲೆನೋವು ಎಂದ. ಊಟ ಬೇಡವೆಂದ. ಹನ್ನೊಂದಕ್ಕೆ ಡೇರೆಯ ಹೊರಗೆ ಹೋಗಿ ವಾಂತಿ ಮಾಡಿದ. ಕೊರೊನಾ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಶೇಕಡಾವಾರು ಅಳೆಯುವ ಯಂತ್ರ ನನ್ನ ಚೀಲದಲ್ಲಿತ್ತು. ನನ್ನದು 84 ತೋರಿಸಿತು, ಅವನದು 70. ಚಳಿಯಲ್ಲಿ ಆ ಯಂತ್ರವನ್ನು ಪೂರ್ತಿ ನಂಬುವಂತಿಲ್ಲ ಎಂದು ಮನಸ್ಸನ್ನು ಸಮಾಧಾನಪಡಿಸಿಕೊಂಡೆ. ಆ ಸಮಾಧಾನದಲ್ಲಿ ಮೂರು ಗಂಟೆ ಕಳೆದೆ. ಆ ಮೂರು ಗಂಟೆಗಳಿಗಾಗಿ ಇಂದಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಎರಡು ಗಂಟೆಗೆ ಅವನ ಸ್ನೇಹಿತ ನನ್ನನ್ನು ಎಬ್ಬಿಸಿದ. ಹುಡುಗ ಬೂಟಿನ ಲೇಸು ಕಟ್ಟಲಾಗದೆ ಅದನ್ನೇ ನೋಡುತ್ತ ಕುಳಿತಿದ್ದ. ಹೊರಗೆ ಕರೆತಂದು, ಹಿಮದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ನಡೆ ಎಂದೆ. ಮೂರನೇ ಹೆಜ್ಜೆಗೆ ಪಕ್ಕಕ್ಕೆ ವಾಲಿ ಬಿದ್ದ. ಮತ್ತೆ ನಿಲ್ಲಿಸಿದೆ, ಮತ್ತೆ ವಾಲಿದ. “ದೊಡ್ಡಮ್ಮ, ನನಗೇನೂ ಆಗಿಲ್ಲ, ಮಲಗಲು ಬಿಡಿ” ಎಂದ. ನಾಲಿಗೆ ತೊದಲುತ್ತಿತ್ತು. ಓದುಗರು ಇದೊಂದನ್ನು ದಯವಿಟ್ಟು ನೆನಪಿಡಬೇಕು. ಎತ್ತರದಲ್ಲಿ ತಲೆನೋವಿದ್ದವನು ನೆಟ್ಟಗೆ ನಡೆಯಲಾರದೆ ಹೋದರೆ ಮಿದುಳು ಊದಿಕೊಳ್ಳತೊಡಗಿದೆ ಎಂದೇ ತಿಳಿಯಬೇಕು. ಆಗ ಮಲಗಲು ಬಿಡಬಾರದು, ಬೆಳಗಾಗಲಿ ಎಂದು ಕಾಯಬಾರದು. ಔಷಧಿಗಳಿವೆ, ಆಮ್ಲಜನಕವಿದೆ, ಆದರೆ ಅವು ಇಳಿಯುವುದಕ್ಕೆ ಬದಲಿಯಲ್ಲ. ನಮ್ಮ ತಂಡದ ಔಷಧಿ ಪೆಟ್ಟಿಗೆ ತೆರೆದಾಗ ಕಂಡದ್ದು ಪ್ಯಾರಸಿಟಮಾಲ್, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು. ಮಿದುಳಿನ ಊತ ತಗ್ಗಿಸುವ ಡೆಕ್ಸಾಮೆಥಾಸೋನ್ ಇರಲಿಲ್ಲ, ಆಮ್ಲಜನಕದ ಸಿಲಿಂಡರ್ ಇರಲಿಲ್ಲ. ಹಣ ಕಟ್ಟುವಾಗ ಕೊಟ್ಟ ಪಟ್ಟಿಯಲ್ಲಿ ಎರಡೂ ಇದ್ದವು.

ಗೈಡ್ ಹುಡುಗ ಒಂದು ಮಾತನ್ನೂ ಆಡದೆ ಹಗ್ಗ ತೆಗೆದ. ಅವನು, ಅಡುಗೆಯವನು, ನಾನು, ಸ್ನೇಹಿತ. ಉಳಿದ ಮೂವರನ್ನು ಸಹಾಯಕನ ಜೊತೆ ಬಿಟ್ಟೆವು. ರಾತ್ರಿ ಹಿಮ ಗಾಜಿನಂತೆ ಗಟ್ಟಿಯಾಗಿತ್ತು. ಬೂಟಿಗೆ ಕಬ್ಬಿಣದ ಹಲ್ಲಿನ ಪಟ್ಟಿ ಕಟ್ಟಿಕೊಂಡಿದ್ದರೂ ಇಳಿಜಾರಿನಲ್ಲಿ ಎರಡು ಸಲ ಜಾರಿದೆ. ಹುಡುಗನನ್ನು ಹಗ್ಗದಲ್ಲಿ ತಮ್ಮಿಬ್ಬರ ನಡುವೆ ಕಟ್ಟಿಕೊಂಡು ಅವರು ಒಂದೊಂದೇ ಹೆಜ್ಜೆ ಇಳಿಸಿದರು. ಅವನು ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕೂರಬೇಕೆನ್ನುತ್ತಿದ್ದ. ನಾನು ಅವನಿಗೆ ಹದಿಮೂರರ ಮಗ್ಗಿ ಹೇಳಿಸುತ್ತಿದ್ದೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ರಜೆ ಕಳೆಯಲು ಬಂದಾಗ ಅವನಿಗೆ ನಾನೇ ಕಲಿಸಿದ ಮಗ್ಗಿ. ಹದಿಮೂರು ನಾಲ್ಕಲ ಐವತ್ತೆರಡಕ್ಕೆ ಬಂದು ನಿಲ್ಲುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಮತ್ತೆ ಮೊದಲಿನಿಂದ. ಪೂರ್ವದಲ್ಲಿ ಆಕಾಶ ಬಿಳಿಚಿಕೊಳ್ಳುವ ಹೊತ್ತಿಗೆ ಮರಗಳ ಸಾಲು ಕಂಡಿತು. ಆ ಮರಗಳತ್ತ ಇಳಿಯುತ್ತಿರುವಾಗ ಎಲ್ಲೋ ಒಂದು ಕಡೆ ಅವನು ಹದಿಮೂರು ಐದಲ ಅರವತ್ತೈದು ಎಂದ. ನಾನು ನಿಂತಲ್ಲೇ ಕುಳಿತುಬಿಟ್ಟೆ.

ಕುರಿಗಾಹಿಗಳ ಬೀಡಿನಲ್ಲಿ ಆಗಲೇ ಒಲೆ ಹೊತ್ತಿತ್ತು. ಹಿರಿಯರೊಬ್ಬರು ತಾವು ಹೊದ್ದಿದ್ದ ಕಂಬಳಿಯನ್ನೇ ಅವನಿಗೆ ಹೊದಿಸಿದರು. ಸಕ್ಕರೆ ಹೆಚ್ಚು ಹಾಕಿದ ಚಹಾ ಕೊಟ್ಟರು. ಏಕೆ ಹತ್ತಿದಿರಿ ಎಂದು ಕೇಳಲಿಲ್ಲ. ಒಂಬತ್ತು ಗಂಟೆಗೆ ಹುಡುಗ ತಾನಾಗಿಯೇ ನಡೆಯುತ್ತಿದ್ದ. ಮನಾಲಿಯಲ್ಲಿ ವೈದ್ಯರು ಪರೀಕ್ಷಿಸಿ, ಬೆಳಗಿನವರೆಗೆ ಅಲ್ಲಿಯೇ ಮಲಗಿಸಿದ್ದರೆ ಎಂದು ಶುರುಮಾಡಿ ನನ್ನ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟರು.

ಉಳಿದ ಮೂವರು ಬೆಳಿಗ್ಗೆ ಸರೋವರದವರೆಗೆ ಹೋಗಿ ಬಂದರು. ಅವರ ಫೋಟೊಗಳಲ್ಲಿ ಸರೋವರವಿಲ್ಲ. ಒಂದು ಬಿಳಿಯ ಬಟ್ಟಲು, ಒಂದು ಮಗ್ಗುಲಿಗೆ ಉಗುರಿನಂಥ ನೀಲಿ ಗೆರೆ. ಭೃಗು ಮಹರ್ಷಿ ತಪಸ್ಸು ಮಾಡಿದ ಜಾಗವಾದ್ದರಿಂದ ಆ ನೀರು ಎಂದೂ ಪೂರ್ತಿ ಹೆಪ್ಪುಗಟ್ಟುವುದಿಲ್ಲ ಎಂದು ಅಲ್ಲಿನವರು ನಂಬುತ್ತಾರೆ. ಆ ಗೆರೆ ನೋಡಿದಾಗ ನಂಬಿಕೆ ಹುಟ್ಟಿದ್ದು ಹೇಗೆಂದು ತಿಳಿಯಿತು. ಆದರೆ ಇನ್ನೊಂದು ಫೋಟೊ ನೋಡಿ ನನ್ನ ಕೈ ತಣ್ಣಗಾಯಿತು. ನಮ್ಮ ಶಿಕ್ಷಕಿಯೊಬ್ಬರು ಆ ಬಿಳಿಯ ಬಯಲಿನ ಮೇಲೆ ಹತ್ತು ಹೆಜ್ಜೆ ಒಳಗೆ ನಿಂತು ನಗುತ್ತಿದ್ದಾರೆ. ದಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ಹಿಮದಡಿ ಅವರಿಗೆ ಕಂಡಿಲ್ಲ. ನಮ್ಮಲ್ಲಿ ಕೆರೆ ಎಂದರೆ ಕಟ್ಟಿದ್ದು. ಏರಿ ಇದೆ, ತೂಬು ಇದೆ, ಕೋಡಿ ಇದೆ, ಎಲ್ಲಿ ಕಾಲಿಡಬಾರದೆಂದು ನಮ್ಮೂರ ಬಳಿಯ ಹಿರೇಕೊಳಲೆಯ ಎಳೆಮಕ್ಕಳಿಗೂ ಗೊತ್ತು. ಅಲ್ಲಿನ ಎಷ್ಟೋ ಸರೋವರಗಳು ಹಿಂದೆ ಹಿಮನದಿಗಳು ಕೊರೆದು ಬಿಟ್ಟ ಗುಂಡಿಗಳು. ನೀರು ಒಳಬರುವ ಕಡೆ, ಹೊರಹೋಗುವ ಕಡೆ, ಬಿಸಿಲಿಗೆ ಕಾದ ಕಪ್ಪು ಬಂಡೆಗಳ ಸುತ್ತ ಮಂಜುಗಡ್ಡೆ ಎಲ್ಲಕ್ಕಿಂತ ತೆಳು. ಋತುವಿನ ಮೊದಲಲ್ಲಿ ಹೋದವರು ಆ ಬಿಳಿಯ ಬಯಲಿಗೆ ಕಾಲಿಡಲೇಬಾರದು.

ಮರುವರ್ಷ, 2024ರ ಜೂನ್ ಮೊದಲ ವಾರ, ಉತ್ತರಾಖಂಡದ ಸಹಸ್ರತಾಲ್ ಸರೋವರದ ದುರಂತದ ಸುದ್ದಿ ಬಂತು. ಮೇ ಕೊನೆಯಲ್ಲಿ ಹೊರಟಿದ್ದ, ಬಹುಪಾಲು ನಮ್ಮ ರಾಜ್ಯದವರೇ ಇದ್ದ ಇಪ್ಪತ್ತೆರಡು ಜನರ ತಂಡ ಸರೋವರದ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ಚಳಿಯಲ್ಲಿ ಪ್ರಾಣಬಿಟ್ಟರು, ಹದಿಮೂರು ಜನರನ್ನು ರಕ್ಷಿಸಲಾಯಿತು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತದ್ದು, ವಾಯುಪಡೆಯ ಹೆಲಿಕಾಪ್ಟರುಗಳು ಹಾರಿದ್ದು ನಿಮ್ಮ ಪತ್ರಿಕೆಯ ಮುಖಪುಟದಲ್ಲೇ ಓದಿದೆ. ಅವರಲ್ಲಿ ಹಲವರು ವರ್ಷಗಳಿಂದ ಬೆಟ್ಟ ಹತ್ತಿ ಪಳಗಿದವರು. ಯಾರದು ತಪ್ಪೆಂದು ತೂಗಲು ನಾನು ಯಾರೂ ಅಲ್ಲ. ಆ ಮನೆಗಳವರ ದುಃಖದ ಮುಂದೆ ಅದನ್ನು ಮಾಡಲೂ ಬಾರದು. ಆದರೆ ಆ ವಾರ ಪೂರ್ತಿ ನನಗೆ ನಿದ್ದೆ ಬರಲಿಲ್ಲ. ನುರಿತವರಿಗೇ ಹೀಗಾದ ಮೇಲೆ, ಬಸ್ ಇಳಿದ ಮರುದಿನವೇ ಮಕ್ಕಳನ್ನು ಕರೆದುಕೊಂಡು ಹತ್ತಿ ಎಂದು ಒಂದು ಪುರವಣಿ ಹೇಳಬಹುದೇ?

ನಾವು ಕನ್ನಡಿಗರು ಈ ಸರೋವರಗಳಿಗೆ ಹಿಮ ಕರಗುವ ಮೊದಲೇ ಹೋಗುವುದಕ್ಕೆ ಒಂದು ಸರಳ ಕಾರಣವಿದೆ, ಅದನ್ನು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ನಮ್ಮ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಮೂರೂವರೆ, ನಾಲ್ಕು ಸಾವಿರ ಮೀಟರಿನ ಸರೋವರಗಳ ಮೇಲಿನ ಹಿಮ ಸಾಮಾನ್ಯವಾಗಿ ಜೂನ್ ಕೊನೆಗೆ, ಕಾಶ್ಮೀರದ ವಿಶನ್‌ಸರ್, ಗಂಗಾಬಲ್ ಕಡೆ ಜುಲೈಗೆ ಬಿಡುತ್ತದೆ. ಶಾಲೆಯ ಗಂಟೆ ಹೊಡೆದ ಮೇಲೆ ಅಲ್ಲಿ ಬಾಗಿಲು ತೆಗೆಯುತ್ತದೆ. ಹೀಗಾಗಿ ಶಿಕ್ಷಕರು, ಮಕ್ಕಳಿರುವ ತಂದೆತಾಯಂದಿರು, ವಿದ್ಯಾರ್ಥಿಗಳು ಮುಚ್ಚಿದ ಬಾಗಿಲನ್ನೇ ತಟ್ಟುತ್ತೇವೆ. ದಾರಿ ದೂರವಾದ್ದರಿಂದ ಬೆಟ್ಟದ ಮೇಲಿನ ದಿನಗಳನ್ನು ಕತ್ತರಿಸುತ್ತೇವೆ. ಎರಡು ಅಪಾಯಗಳನ್ನು ಒಟ್ಟಿಗೆ ಕಟ್ಟಿಕೊಂಡು ಹೋಗುತ್ತೇವೆ.

ಉತ್ತರಾಖಂಡದ ಹೇಮಕುಂಡವನ್ನು ನೋಡಿ. ಸಿಖ್ಖರ ಪವಿತ್ರ ಸರೋವರ, ನಾಲ್ಕು ಸಾವಿರ ಮೀಟರಿಗೂ ಮೇಲಿದೆ. ಸಾಮಾನ್ಯವಾಗಿ ಮೇ ಕೊನೆಯ ಹೊತ್ತಿಗೆ ಯಾತ್ರೆ ಆರಂಭವಾಗುವ ಮುನ್ನ ಸೇನೆಯ ಯೋಧರು ಹಿಮ ಕಡಿದು ದಾರಿ ಮಾಡಿಕೊಡುತ್ತಾರೆ. ಅಷ್ಟಾದ ಮೇಲೂ ಅಲ್ಲಿ ರಾತ್ರಿ ಉಳಿಯುವಂತಿಲ್ಲ. ಯಾತ್ರಿಕರು ದರ್ಶನ ಮುಗಿಸಿ ಅದೇ ದಿನ ಸಾವಿರ ಮೀಟರಿಗೂ ಹೆಚ್ಚು ಕೆಳಗಿರುವ ಘಂಗರಿಯಾಕ್ಕೆ ಇಳಿಯುತ್ತಾರೆ. ಭಕ್ತಿಯಿಂದ ಹೋಗುವವರೇ ಪಾಲಿಸುವ ಈ ಕ್ರಮವನ್ನು ರಜೆ ಕಳೆಯಲು ಹೋಗುವ ನಾವೇಕೆ ಪಾಲಿಸುವುದಿಲ್ಲ?

ಮೇ ತಿಂಗಳಲ್ಲೇ ಹೋಗಬೇಕಾದವರಿಗೆ ಸರೋವರಗಳಿಲ್ಲವೆಂದೇನಿಲ್ಲ. ಮಂಡಿ ಜಿಲ್ಲೆಯ ಪರಾಶರ ಸರೋವರ ಸುಮಾರು 2,730 ಮೀಟರ್, ನೀರಿನ ಮೇಲೆ ತೇಲುವ ಹುಲ್ಲಿನ ದ್ವೀಪವಿದೆ, ದಡದಲ್ಲಿ ಮೂರು ಅಂತಸ್ತಿನ ಮರದ ದೇವಾಲಯವಿದೆ. ಉತ್ತರಾಖಂಡದ ದೇವರಿಯಾತಾಲ್ ಇನ್ನೂ ತಗ್ಗು, 2,438 ಮೀಟರ್. ಸಾರಿ ಎಂಬ ಹಳ್ಳಿಯಿಂದ ಮೂರು ಕಿಲೋಮೀಟರಿನಷ್ಟು ಏರಿದರೆ ಸಿಗುತ್ತದೆ, ಮುಂಜಾನೆ ಚೌಖಂಬಾ ಶಿಖರಗಳು ಅದರಲ್ಲಿ ಮೂಡುತ್ತವೆ. ಮಕ್ಕಳಿಗೆ ಬೆನ್ನುಚೀಲ ಹೊರಿಸಿ ಡೇರೆಯಲ್ಲಿ ಒಂದು ರಾತ್ರಿ ಕಳೆಯುವ ಸಂತೋಷವನ್ನು ಕಾಣಿಸಬೇಕೆಂದರೆ ಅಂಥ ಕಡೆಗಳಿಗೆ ಕಳುಹಿಸಿ. ನಾಲ್ಕು ಸಾವಿರದ ಸರೋವರಗಳನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ನಾನೂ ತಂಗಿಯ ಮಗನೂ 2024ರ ಅಕ್ಟೋಬರಿನಲ್ಲಿ ಮತ್ತೆ ಹೋದೆವು. ಮನಾಲಿಯಲ್ಲಿ ಎರಡು ರಾತ್ರಿ, ಗುಲಾಬಾ ಬಳಿ ಎರಡು ರಾತ್ರಿ, ನಡುವೆ ಮೇಲಕ್ಕೆ ಹೋಗಿ ಕೆಳಗೆ ಬಂದು ಮಲಗಿದ ಒಂದು ದಿನ, ಆಮೇಲೆ ರೋಲಾ ಖೋಲಿ. ಅವನು ಊಟ ಮಾಡಿದ, ನಿದ್ದೆ ಮಾಡಿದ. ಬೆಳಿಗ್ಗೆ ಹತ್ತಕ್ಕೆ ಸರೋವರದ ದಂಡೆಯಲ್ಲಿ ನಿಂತೆವು. ಚಿಕ್ಕದು, ನಮ್ಮ ಊರಿನ ಕೆರೆಗಳ ಮುಂದೆ ಒಂದು ಕಟ್ಟೆಯಷ್ಟು. ಗಾಳಿಯಿರಲಿಲ್ಲ, ನೀರು ಅಲುಗುತ್ತಿರಲಿಲ್ಲ. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಕೆಳಗಿಳಿಯುವಾಗ ಹುಲ್ಲುಗಾವಲಿನಲ್ಲಿ ಕುರಿಗಾಹಿಗಳನ್ನು ಹುಡುಕಿದೆವು. ಅವರು ಆಗಲೇ ಮಂದೆಯನ್ನು ಕೆಳಕ್ಕೆ ಇಳಿಸಿದ್ದರು, ಒಲೆಯ ಮೂರು ಕಲ್ಲು ಮಾತ್ರ ಇದ್ದವು. ತಂದಿದ್ದ ಕಾಫಿಪುಡಿಯ ಪೊಟ್ಟಣವನ್ನು ಗೈಡ್ ಹುಡುಗನ ಕೈಗೆ ಕೊಟ್ಟು, ಅವರು ಸಿಕ್ಕರೆ ತಲುಪಿಸೆಂದೆವು.

ಸರ್ಕಾರಕ್ಕೂ ಒಂದು ಮಾತು. 2024ರಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯಾದಾಗ ಅರಣ್ಯ ಇಲಾಖೆ ಚಾರಣವನ್ನು ತಡೆದು, ಆಮೇಲೆ ಆನ್‌ಲೈನ್ ನೋಂದಣಿಯನ್ನೂ ದಿನಕ್ಕಿಷ್ಟೇ ಜನ ಎಂಬ ಮಿತಿಯನ್ನೂ ತಂದಿತು. ನಮ್ಮ ಬೆಟ್ಟಗಳ ವಿಷಯದಲ್ಲಿ ಮಾಡಲಾದದ್ದನ್ನು ನಮ್ಮ ಜನರ ವಿಷಯದಲ್ಲಿಯೂ ಮಾಡಲು ಬರುತ್ತದೆ. ಇಲ್ಲಿ ಕುಳಿತು ಹಿಮಾಲಯದ ಚಾರಣ ಮಾರುವವರು ಮಲಗುವ ಜಾಗಗಳ ಎತ್ತರವನ್ನೂ ಔಷಧಿ ಪೆಟ್ಟಿಗೆಯಲ್ಲಿ ಏನೇನಿದೆ ಎಂಬುದನ್ನೂ ಹಣ ಪಡೆಯುವ ಮೊದಲೇ ಕನ್ನಡದಲ್ಲಿ ಬರೆದುಕೊಡಬೇಕು ಎಂದು ಕಡ್ಡಾಯ ಮಾಡಲಿ. ನಮಗೆ ಅಂಥ ಒಂದು ಕಾಗದ ಸಿಕ್ಕಿದ್ದರೆ ವಿಜ್ಞಾನ ಶಿಕ್ಷಕಿಯಾದ ನಾನು ಅಲ್ಲಿಯೇ ಲೆಕ್ಕ ಹಾಕುತ್ತಿದ್ದೆ.

ನಿಮ್ಮಲ್ಲಿ ಕೇಳುವುದು ಅದಕ್ಕಿಂತ ಸಣ್ಣದು. ಮುಂದಿನ ಭಾನುವಾರದ ಪುರವಣಿಯಲ್ಲಿ, ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಇಷ್ಟನ್ನು ಅಚ್ಚು ಮಾಡಿ: ಭೃಗು ಸರೋವರ, ರಾತ್ರಿ ಮಲಗುವ ಜಾಗದ ಎತ್ತರ ಸುಮಾರು 3,800 ಮೀಟರ್, ಅದಕ್ಕೂ ಮೊದಲು ಮಲೆಯಲ್ಲಿ ಕಳೆಯಬೇಕಾದ ರಾತ್ರಿಗಳು ಕನಿಷ್ಠ ನಾಲ್ಕು, ನೀರು ಕಾಣುವುದು ಜೂನ್ ಕೊನೆಯ ನಂತರ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ, ಚಿಕ್ಕಮಗಳೂರು